ಕಾಲೊತ್ತಿನಿಂದ ಕವಾಟದವರೆಗೆ

ಮೋಟಾರು ಕಾರಿನ ಚಾಲಕನು ಬಲಗಾಲಿನಿಂದ ಪೆಡಲನ್ನು ಒತ್ತುತ್ತಾನೆ. ಕಾರು ಮುಂದಕ್ಕೆ ನುಗ್ಗುತ್ತದೆ. ಕಾಲನ್ನು ಸಡಿಲಿಸುತ್ತಾನೆ; ಕಾರಿನ ವೇಗ ಇಳಿಯುತ್ತದೆ. ಇದನ್ನು ಕಾಣದವರಾರೂ ಇಲ್ಲ. ಆದರೆ ಕಾಲಿನ ಒತ್ತು ಎಂಜಿನ್ನನ್ನು ಮುಟ್ಟುವುದು ಯಾವ ಹಾದಿಯಿಂದ? ಹಳೆಯ ಕಾರುಗಳಲ್ಲಿ ಸಲಾಕೆಗಳೂ ಸನ್ನೆಗಳೂ ಈ ಕೆಲಸವನ್ನು ಮಾಡುತ್ತಿದ್ದುವು. ಅವುಗಳ ಸ್ಥಾನಕ್ಕೆ ಬಂದುದು ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ. ನೋಡಲು ಅತ್ಯಲ್ಪವಾದ ಈ ವಸ್ತುವನ್ನು ಸರಿಯಾಗಿ ಕೂರಿಸಬೇಕಾದರೆ ಸನ್ನೆಯ ನಿಯಮ, ಘರ್ಷಣೆ, ಸ್ಪ್ರಿಂಗು, ಕಡೆಗೆ ವಿದ್ಯುತ್ ಪ್ರವಾಹದ ಶಾಖೋತ್ಪತ್ತಿಯನ್ನೂ ತಿಳಿದಿರಬೇಕಾಗುತ್ತದೆ. ತಪ್ಪಿದರೆ ಆಗುವ ಹಾನಿಯಾದರೋ ಅಲ್ಪವಲ್ಲ. ಕಾಲನ್ನು ತೆಗೆದ ಮೇಲೂ ಎಂಜಿನ್ ಪೂರ್ಣ ಶಕ್ತಿಯಿಂದ ಓಡುತ್ತಲೇ ಇದ್ದರೆ ಚಾಲಕನ ಗತಿಯೇನಾದೀತೆಂಬುದನ್ನು ವಾಚಕರು ಊಹಿಸಬಹುದು.

ಕಾರ್ಖಾನೆಯಲ್ಲಿ ಸಿದ್ಧವಾದ ಕಾರಿನಲ್ಲಿ ಈ ವಿಚಾರಗಳನ್ನೆಲ್ಲ ಎಂಜಿನಿಯರುಗಳು ಮೊದಲೇ ನಿರ್ಧರಿಸಿರುತ್ತಾರೆ. ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ಜೋಡಿಸುವ ‘ಕಿಟ್ ಕಾರಿ’ನಲ್ಲಿ ಹಾಗಲ್ಲ. ಒಂದು ತಯಾರಕರ ಚೌಕಟ್ಟು, ಮತ್ತೊಬ್ಬರ ಎಂಜಿನ್, ಮೂರನೆಯವರ ಕಾರ್ಬ್ಯುರೇಟರ್. ಇವುಗಳ ನಡುವೆ ತಂತಿಯ ದಾರಿಯನ್ನು ಜೋಡಿಸುವವನೇ ಕಂಡುಹಿಡಿಯಬೇಕು. ಆದಕಾರಣ ನಮ್ಮ ಅಧ್ಯಯನಕ್ಕೆ ಕಿಟ್ ಕಾರೇ ಹೆಚ್ಚು ಅನುಕೂಲವಾದುದು.

ಇಂಥ ಕಾರುಗಳ ತವರು ಇಂಗ್ಲೆಂಡು. ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರು 1957ರಲ್ಲಿ ಹೊರತಂದ ‘ಲೋಟಸ್ ಸೆವೆನ್’ ಅವುಗಳಲ್ಲೆಲ್ಲ ಪ್ರಸಿದ್ಧವಾದುದು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಅಲ್ಯುಮಿನಿಯಮ್ ತಗಡು, 1172 ಘನ ಸೆಂಟಿಮೀಟರಿನ ಫೋರ್ಡ್ ಎಂಜಿನ್. ಅದರ ಶಕ್ತಿ ಸುಮಾರು 40 ಅಶ್ವಸಾಮರ್ಥ್ಯ ಮಾತ್ರ. ಆದರೆ ಕಾರಿನ ತೂಕ ಸುಮಾರು 500 ಕಿಲೋಗ್ರಾಮಿನಷ್ಟೇ ಆದುದರಿಂದ ಅದು ಚುರುಕಾಗಿ ಓಡುತ್ತಿತ್ತು. ಆಗ ಬ್ರಿಟನ್ನಿನಲ್ಲಿ ಪೂರ್ತಿ ಜೋಡಿಸಿದ ಕಾರಿಗೆ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡರೆ ಇರಲಿಲ್ಲ. ಜೋಡಿಸುವ ಕ್ರಮವನ್ನು ತಿಳಿಸುವ ಪುಸ್ತಕವನ್ನು ಭಾಗಗಳೊಡನೆ ಕೊಡಕೂಡದೆಂಬ ನಿರ್ಬಂಧವಿದ್ದುದರಿಂದ, ಕಾರನ್ನು ಬಿಚ್ಚುವ ಕ್ರಮವನ್ನು ಬರೆದುಕೊಟ್ಟು ಅದನ್ನೇ ಹಿಂದುಮುಂದಾಗಿ ಓದಿಕೊಳ್ಳಿರೆಂದು ಹೇಳಲಾಗುತ್ತಿತ್ತೆಂಬ ಕಥೆಯೊಂದು ಪ್ರಚಾರದಲ್ಲಿದೆ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಈ ಲಾಭ ಹೋಯಿತು. ಅದೇ ವರ್ಷ ಸೆವೆನ್ ಕಾರಿನ ಹಕ್ಕುಗಳು ಕೇಟರ್‌ಹ್ಯಾಮ್ ಸಂಸ್ಥೆಗೆ ಸಂದುವು. ಕಾರನ್ನು ಕೈಯಾರೆ ಕಟ್ಟುವ ಹವ್ಯಾಸ ಮಾತ್ರ ನಿಲ್ಲಲಿಲ್ಲ.

ಈಗ ಎಂಜಿನ್ನಿನ ಕಡೆಗೆ ತಿರುಗೋಣ. ಪೆಟ್ರೋಲ್ ಎಂಜಿನ್ನಿನ ಶಕ್ತಿಯನ್ನು ನಿಯಂತ್ರಿಸುವುದೆಂದರೆ ಅದು ಉಸಿರಾಡುವ ಗಾಳಿಯನ್ನು ನಿಯಂತ್ರಿಸುವುದು. ಗಾಳಿಯ ಕೊಳವೆಯಲ್ಲಿ ಒಂದು ತೆಳುವಾದ ಲೋಹದ ತಟ್ಟೆ ಅಡ್ಡಲಾಗಿ ನಿಂತಿರುತ್ತದೆ. ಅದರ ನಡುವೆ ಹಾದ ದಂಡವನ್ನು ತಿರುಗಿಸಿದರೆ ತಟ್ಟೆಯೂ ತಿರುಗಿ, ಅದರ ಇಕ್ಕೆಲಗಳಲ್ಲಿ ಗಾಳಿಗೆ ದಾರಿಯಾಗುತ್ತದೆ. ಚಿಟ್ಟೆಯ ರೆಕ್ಕೆಗಳನ್ನು ನೆನಪಿಗೆ ತರುವ ಈ ಸಾಧನವೇ ಥ್ರಾಟಲ್ ಕವಾಟ. ಪೂರ್ತಿ ಮುಚ್ಚಿದ ಸ್ಥಿತಿಯಿಂದ ಪೂರ್ತಿ ತೆರೆದ ಸ್ಥಿತಿಗೆ ಬರಲು ದಂಡವು ಸುಮಾರು 80 ಡಿಗ್ರಿ ತಿರುಗಬೇಕು.

ಇಲ್ಲಿ ಒಂದು ಸ್ವಾರಸ್ಯವಿದೆ. ಮುಚ್ಚಿದಾಗ ತಟ್ಟೆಯು ಕೊಳವೆಗೆ ಲಂಬವಾಗಿದೆಯೆಂದೂ ದಂಡದ ದಪ್ಪವನ್ನು ಗಣಿಸಬೇಕಾಗಿಲ್ಲವೆಂದೂ ಭಾವಿಸಿದರೆ, ತೆರೆದ ದಾರಿಯ ವಿಸ್ತಾರವು ಒಂದರಿಂದ ಕೋನದ ಕೊಸೈನನ್ನು ಕಳೆದಷ್ಟಿರುತ್ತದೆ. ತಟ್ಟೆ 10 ಡಿಗ್ರಿ ತಿರುಗಿದಾಗ ದಾರಿ ತೆರೆಯುವುದು ನೂರಕ್ಕೆ ಒಂದೂವರೆ ಪಾಲು ಮಾತ್ರ. 20 ಡಿಗ್ರಿಗೆ 6 ಪಾಲು. 30 ಡಿಗ್ರಿಗೆ 13 ಪಾಲು. 60 ಡಿಗ್ರಿಗೆ 50 ಪಾಲು. ಹಾಗಾದರೆ ಮೊದಮೊದಲಿನ ಡಿಗ್ರಿಗಳಿಗೆ ಬೆಲೆಯಿಲ್ಲವೆಂದು ಭಾವಿಸಬೇಕೆ? ವಾಸ್ತವವು ಇದಕ್ಕೆ ತೀರ ವಿರುದ್ಧವಾಗಿದೆ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಅದಕ್ಕೆ ಬೇಕಾದ ಗಾಳಿಯೇ ಸ್ವಲ್ಪ. ತಟ್ಟೆಯ ಆಚೆಗೂ ಈಚೆಗೂ ಒತ್ತಡದ ಅಂತರ ಬಹಳವಾಗಿರುವುದರಿಂದ ಕಿರಿದಾದ ಸಂದಿನಲ್ಲಿಯೂ ಗಾಳಿ ಬಲು ರಭಸದಿಂದ ಒಳನುಗ್ಗುತ್ತದೆ. ಆದುದರಿಂದ ನಿಧಾನಗತಿಯಲ್ಲಿ ಮೊದಲ ಇಪ್ಪತ್ತು ಮೂವತ್ತು ಡಿಗ್ರಿಗಳಲ್ಲಿಯೇ ಎಂಜಿನ್ನಿನ ಬಲದ ಹೆಚ್ಚಿನ ಪಾಲು ದೊರಕಿಬಿಡುತ್ತದೆ. ಊರೊಳಗಿನ ಸಂಚಾರವೆಲ್ಲ ನಡೆಯುವುದು ಈ ಅಲ್ಪ ಕೋನದಲ್ಲಿಯೇ. ಹಗುರವಾದ ಕಾರಿನಲ್ಲಿ ಇಲ್ಲಿ ಕಾಲು ಒಂದೆರಡು ಮಿಲಿಮೀಟರ್ ನಡುಗಿದರೂ ಕಾರು ಕಪ್ಪೆಯಂತೆ ಕುಪ್ಪಳಿಸುತ್ತದೆ.

ಕಾಲಿನ ಚಲನೆಯನ್ನು ಕವಾಟಕ್ಕೆ ಸಾಗಿಸುವ ತಂತಿಗೆ ಬೌಡನ್ ಕೇಬಲ್ ಎಂದು ಹೆಸರು. ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಎಂಬಾತನು 1896ರಲ್ಲಿ ಇದಕ್ಕೆ ಬ್ರಿಟಿಷ್ ಪೇಟೆಂಟನ್ನು ಪಡೆದನು. ವಾಚಕರಲ್ಲಿ ಬಹುಮಂದಿ ಇದನ್ನು ಪ್ರತಿದಿನವೂ ಸೈಕಲ್ಲಿನ ಬ್ರೇಕಿನಲ್ಲಿ ಮುಟ್ಟುತ್ತಿದ್ದಾರೆ. ಕಾರ್ಬ್ಯುರೇಟರಿರುವ ಮೋಟಾರ್ ಸೈಕಲ್ಲುಗಳ ಹಿಡಿಯಲ್ಲಿಯೂ ಇದೇ ಇದೆ. ನಮ್ಮ ಮೆಕ್ಯಾನಿಕ್ಕರು ‘ಆಕ್ಸಿಲರೇಟರ್ ಕೇಬಲ್ಲು’ ಎನ್ನುವುದು ಇದನ್ನೇ. ಒಳಗೆ ಹಲವು ಎಳೆಗಳನ್ನು ಹೊಸೆದ ಉಕ್ಕಿನ ತಂತಿ. ಹೊರಗೆ ಒತ್ತೊತ್ತಾಗಿ ಸುತ್ತಿದ ಉಕ್ಕಿನ ಸುರುಳಿಯ ಕವಚ. ಎರಡರ ನಡುವೆ ನೈಲಾನಿನಂಥ ನುಣುಪಾದ ಒಳಪದರ.

ಬೌಡನ್ನನ ಕಲ್ಪನೆಯ ಸೊಗಸನ್ನು ಹಲವರು ಗಮನಿಸುವುದಿಲ್ಲ. ತಂತಿಯನ್ನು ಎಳೆದಾಗ ಕೆಲಸ ಮಾಡುವುದು ತಂತಿಯೊಂದೇ ಅಲ್ಲ, ಕವಚವೂ ಅಷ್ಟೇ ದುಡಿಯುತ್ತದೆ. ತಂತಿಯಲ್ಲಿ ಎಳೆತ, ಕವಚದಲ್ಲಿ ಅದಕ್ಕೆ ಸಮನಾದ ಒತ್ತು. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಸುರುಳಿಯ ಸುತ್ತುಗಳು ಒಂದನ್ನೊಂದು ತಾಗಿಕೊಂಡಿರುವುದರಿಂದ ಕವಚವು ಬಾಗಬಲ್ಲುದು, ಕುಗ್ಗಲಾರದು. ಕವಚದ ಎರಡು ತುದಿಗಳನ್ನೂ ಭದ್ರವಾಗಿ ಆನಿಸಿದ್ದರೆ ನಡುವಣ ಭಾಗ ಹೇಗೆ ಅಲುಗಾಡಿದರೂ ಚಿಂತೆಯಿಲ್ಲ. ಒಂದು ತುದಿಯ ಆನಿಕೆ ಸಡಿಲವಾದರೆ, ಪೆಡಲನ್ನು ಒತ್ತಿದಷ್ಟೂ ಕವಚವೇ ಬಿಲ್ಲಿನಂತೆ ಬಗ್ಗುವುದೇ ಹೊರತು ಕವಾಟ ಕದಲುವುದಿಲ್ಲ.

ಇನ್ನು ಲೆಕ್ಕ. ಪೆಡಲಿನ ಮೆಟ್ಟು ಅದರ ತಿರುಗುಗೂಟದಿಂದ 250 ಮಿಲಿಮೀಟರ್ ಕೆಳಗೂ, ತಂತಿ ಸಿಕ್ಕಿಸುವ ತೂತು ಗೂಟದಿಂದ 120 ಮಿಲಿಮೀಟರ್ ಮೇಲೂ ಇವೆಯೆಂದಿಟ್ಟುಕೊಳ್ಳೋಣ. ಕಾಲು 75 ಮಿಲಿಮೀಟರ್ ಚಲಿಸಿದರೆ ತಂತಿ ಚಲಿಸುವುದು 36 ಮಿಲಿಮೀಟರ್. ಈ 36 ಮಿಲಿಮೀಟರಿನಲ್ಲಿ ಕವಾಟದ ದಂಡ 80 ಡಿಗ್ರಿ, ಅಂದರೆ ಸುಮಾರು 1.4 ರೇಡಿಯನ್, ತಿರುಗಬೇಕು. ದಂಡದ ತುದಿಗೆ ಉರುಳೆಯ ತುಂಡಿನಂತಹ ವೃತ್ತಖಂಡವನ್ನು ಕೂರಿಸುವುದಾದರೆ ಅದರ ತ್ರಿಜ್ಯ 36ನ್ನು 1.4ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 26 ಮಿಲಿಮೀಟರ್. ತ್ರಿಜ್ಯ ಇದಕ್ಕಿಂತ ದೊಡ್ಡದಾದರೆ ಪೆಡಲು ನೆಲ ಮುಟ್ಟಿದರೂ ಕವಾಟ ಪೂರ್ತಿ ತೆರೆಯದು. ಚಿಕ್ಕದಾದರೆ ಕಾಲು ಅರ್ಧಕ್ಕೆ ಬರುವುದರೊಳಗೆ ಎಲ್ಲ ತೆರೆದಿರುತ್ತದೆ. ಹೊಸಬರು ಕಟ್ಟಿದ ಎಷ್ಟೋ ಕಾರುಗಳು ‘ಎಳೆಯುವುದಿಲ್ಲ’ ಎಂಬ ದೂರಿಗೆ ಗುರಿಯಾಗುವುದು ಎಂಜಿನ್ನಿನ ದೋಷದಿಂದಲ್ಲ, ಈ ಭಾಗಾಕಾರವನ್ನು ಮಾಡದೆ ಹೋದುದರಿಂದ.

ವೃತ್ತಖಂಡಕ್ಕೆ ಬದಲಾಗಿ ಸಾಧಾರಣವಾದ ಸನ್ನೆಗೋಲನ್ನು ಬಳಸಿದರೆ ವಿಷಯ ಇನ್ನಷ್ಟು ಸ್ವಾರಸ್ಯಕರವಾಗುತ್ತದೆ. ಸನ್ನೆಯು ತಂತಿಗೆ ಲಂಬವಾಗಿರುವಾಗ ಅದರ ಪರಿಣಾಮಕಾರಿಯಾದ ತೋಳು ಅತ್ಯಂತ ಉದ್ದ. ಆಗ ತಂತಿ ಒಂದು ಮಿಲಿಮೀಟರ್ ಸರಿದರೆ ದಂಡ ತಿರುಗುವುದು ಅತ್ಯಲ್ಪ. ಲಂಬದಿಂದ ದೂರವಾದಷ್ಟೂ ತೋಳು ಕೊಸೈನಿನಂತೆ ಕುಗ್ಗುತ್ತದೆ, ದಂಡ ಬೇಗ ಬೇಗ ತಿರುಗುತ್ತದೆ. ಮೊದಲ ಡಿಗ್ರಿಗಳಲ್ಲಿ ಸೂಕ್ಷ್ಮ ನಿಯಂತ್ರಣ ಬೇಕೆಂದು ಆಗಲೇ ಹೇಳಿದೆವಷ್ಟೆ. ಆದುದರಿಂದ ಕವಾಟ ಮುಚ್ಚಿರುವಾಗ ಸನ್ನೆಯು ಲಂಬದ ಹತ್ತಿರದಲ್ಲಿರುವಂತೆ ಕೂರಿಸುವುದು ಜಾಣತನ. ಆದರೆ ಅತಿಯಾಗಬಾರದು. ಸರಿಯಾಗಿ ಲಂಬದಿಂದಲೇ ಆರಂಭಿಸಿದರೆ 80 ಡಿಗ್ರಿಯ ಕೊನೆಯಲ್ಲಿ ತೋಳು ಮೊದಲಿನ ಆರನೆಯ ಒಂದು ಪಾಲಿನಷ್ಟೇ ಉಳಿದು, ಕಾಲಿಗೆ ಗೋಡೆಯನ್ನು ಒತ್ತಿದ ಅನುಭವವಾಗುತ್ತದೆ. ಲಂಬಕ್ಕೆ 20 ಡಿಗ್ರಿ ಹಿಂದಿನಿಂದ ತೊಡಗಿ 60 ಡಿಗ್ರಿ ಮುಂದಕ್ಕೆ ನಿಲ್ಲಿಸಿದರೆ ಕೊನೆಯಲ್ಲಿಯೂ ಅರ್ಧ ತೋಳು ಉಳಿಯುತ್ತದೆ. ಆಗ 36 ಮಿಲಿಮೀಟರ್ ಚಲನೆಗೆ ಸುಮಾರು 30 ಮಿಲಿಮೀಟರಿನ ಸನ್ನೆ ಬೇಕು. ತ್ರಿಕೋನಮಿತಿಯನ್ನು ಬಲ್ಲ ವಿದ್ಯಾರ್ಥಿಗಳು ಇದನ್ನು ತಾವೇ ಸರಿನೋಡಿಕೊಳ್ಳಬಹುದು.

ಘರ್ಷಣೆಯ ವಿಚಾರವನ್ನು ನಾವು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ. ಸ್ಥಳ ಸಾಲದ ಕಿಟ್ ಕಾರಿನಲ್ಲಿ ತಂತಿಯನ್ನು ಅಲ್ಲಿ ಇಲ್ಲಿ ಬಾಗಿಸಿ ಒಯ್ಯುವುದು ಅನಿವಾರ್ಯ. ಕಂಬಕ್ಕೆ ಹಗ್ಗವನ್ನು ಸುತ್ತಿ ಎಳೆಯುವ ಮೂಳೆಕರುವನ್ನು ಹಿಡಿದು ನಿಲ್ಲಿಸುವುದನ್ನು ಹಳ್ಳಿಯವರೆಲ್ಲ ಬಲ್ಲರು. ಎರಡು ಸುತ್ತು ಸುತ್ತಿದರೆ ಹುಡುಗನೂ ಎತ್ತನ್ನು ತಡೆದಾನು. ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನು ಇದರ ನಿಯಮವನ್ನು ಕೊಟ್ಟಿದ್ದಾನೆ: ಘರ್ಷಣಾಂಕವನ್ನು ರೇಡಿಯನ್ನಿನಲ್ಲಿ ಅಳೆದ ಒಟ್ಟು ಬಾಗುಕೋನದಿಂದ ಗುಣಿಸಿ, 2.718 ಎಂಬ ಸಂಖ್ಯೆಯನ್ನು ಆ ಗುಣಲಬ್ಧದ ಘಾತಕ್ಕೇರಿಸಿದರೆ, ಒಂದು ತುದಿಯ ಎಳೆತ ಮತ್ತೊಂದು ತುದಿಯ ಎಳೆತದ ಎಷ್ಟು ಪಟ್ಟು ಎಂಬುದು ದೊರೆಯುತ್ತದೆ. ತಂತಿಗೂ ಒಳಪದರಕ್ಕೂ ಘರ್ಷಣಾಂಕ 0.15 ಎಂದೂ, ಬಾಗುಗಳೆಲ್ಲ ಸೇರಿ 180 ಡಿಗ್ರಿ ಎಂದೂ ಇಟ್ಟುಕೊಂಡರೆ ಈ ಪ್ರಮಾಣ 1.6. ಬಾಗುಗಳು 360 ಡಿಗ್ರಿಯಾದರೆ 2.6. ಒಳಪದರ ಸವೆದು, ತಂತಿ ತುಕ್ಕು ಹಿಡಿದು, ಘರ್ಷಣಾಂಕ 0.3ಕ್ಕೆ ಏರಿದರೆ ಅದೇ 360 ಡಿಗ್ರಿಗೆ 6.6!

ಈ ಸೂತ್ರದಲ್ಲಿ ಬಾಗಿನ ತ್ರಿಜ್ಯವೇ ಬಂದಿಲ್ಲವೆಂಬುದನ್ನು ಗಮನಿಸಬೇಕು. ಎಷ್ಟು ಡಿಗ್ರಿ ಬಾಗಿತೆಂಬುದೇ ಮುಖ್ಯ. ಹಾಗೆಂದು ಕಡಿದಾದ ಬಾಗು ಕ್ಷೇಮವೆಂದು ತಿಳಿಯಬಾರದು: ತಂತಿಗೆ ತನ್ನದೇ ಆದ ಬಿಗುಪು ಇದೆ, ಬಾಗು ಕಡಿದಾದಷ್ಟೂ ಅದು ಒಳಪದರವನ್ನು ಹೆಚ್ಚಾಗಿ ಒತ್ತಿ ಕೊರೆಯುತ್ತದೆ. ಇದನ್ನು ಪರೀಕ್ಷಿಸಬಯಸುವವರು ಹಳೆಯ ಸೈಕಲ್ ಬ್ರೇಕಿನ ಕೇಬಲ್ಲೊಂದನ್ನು ಅರ್ಧವೃತ್ತಾಕಾರವಾಗಿ ಹಲಗೆಯ ಮೇಲೆ ಬಿಗಿದು, ಒಂದು ತುದಿಗೆ ಒಂದು ಕಿಲೋಗ್ರಾಮ್ ತೂಗುಹಾಕಿ, ಇನ್ನೊಂದು ತುದಿಯನ್ನು ಸ್ಪ್ರಿಂಗ್ ತಕ್ಕಡಿಯಿಂದ ನಿಧಾನವಾಗಿ ಎಳೆಯಲಿ. ತಕ್ಕಡಿ ತೋರಿಸುವ ತೂಕದ ಲಾಗರಿದಮ್ಮಿನಿಂದ ಘರ್ಷಣಾಂಕವನ್ನು ಕಂಡುಹಿಡಿಯಬಹುದು. ಎಣ್ಣೆ ಬಿಡುವ ಮೊದಲೊಮ್ಮೆ, ಬಿಟ್ಟ ಮೇಲೊಮ್ಮೆ ಅಳೆದರೆ ಇನ್ನೂ ಒಳ್ಳೆಯದು. ಪ್ರಯೋಗಶಾಲೆಯಲ್ಲಿ ಇದಕ್ಕಿಂತ ಅಗ್ಗವಾದ, ಇದಕ್ಕಿಂತ ಉಪಯುಕ್ತವಾದ ಪ್ರಯೋಗ ವಿರಳವೆಂದೇ ನಮ್ಮ ಅಭಿಪ್ರಾಯ.

ಕಾಲೊತ್ತಿ ಕವಾಟವನ್ನು ತೆರೆಯುವಾಗ ಘರ್ಷಣೆ ಕೇವಲ ಬೇಸರದ ವಿಷಯ; ಮುಚ್ಚುವಾಗ ಅದು ಪ್ರಾಣದ ವಿಷಯ. ತಂತಿ ಎಳೆಯಬಲ್ಲುದೇ ವಿನಾ ತಳ್ಳಲಾರದು. ಹೀಗಿರುವಲ್ಲಿ ಪೆಡಲಿಗೆ ಎಂಥ ಬಲವಾದ ಸ್ಪ್ರಿಂಗನ್ನು ಕಟ್ಟಿದರೂ ಅದು ಪೆಡಲನ್ನು ಮೇಲಕ್ಕೆ ತರುತ್ತದೆಯೇ ಹೊರತು ಕವಾಟವನ್ನು ಮುಚ್ಚುವುದಿಲ್ಲ. ತಂತಿ ನಡುವೆ ಸಡಿಲವಾಗಿ ನಿಲ್ಲುತ್ತದೆ, ಎಂಜಿನ್ ಆರ್ಭಟಿಸುತ್ತಲೇ ಇರುತ್ತದೆ. ಮುಚ್ಚುವ ಸ್ಪ್ರಿಂಗು ಕವಾಟದ ದಂಡದಲ್ಲಿಯೇ ಇರಬೇಕು. ಅದೂ ಒಂದಲ್ಲ, ಎರಡು. ಒಂದು ಮುರಿದರೆ ಇನ್ನೊಂದೇ ಕವಾಟವನ್ನು ಮುಚ್ಚಲು ಸಮರ್ಥವಾಗಿರಬೇಕು. 1973ರಲ್ಲಿ ಜಾರಿಗೆ ಬಂದ ಅಮೆರಿಕದ 124ನೆಯ ಮೋಟಾರು ವಾಹನ ಸುರಕ್ಷಾ ನಿಯಮವು ಇದನ್ನೇ ವಿಧಿಸಿತು: ಕವಾಟವನ್ನು ಮರಳಿಸಲು ಎರಡು ಬೇರೆ ಬೇರೆ ಶಕ್ತಿಮೂಲಗಳಿರಬೇಕು, ಸಾಧಾರಣ ಕಾರಿನಲ್ಲಿ ಕಾಲು ತೆಗೆದ ಒಂದು ಸೆಕೆಂಡಿನೊಳಗೆ ಕವಾಟ ಮುಚ್ಚಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರುಗಳಿಂದ ಸ್ಪರ್ಧಿಸುವ ಫಾರ್ಮುಲಾ ಸ್ಟೂಡೆಂಟ್ ಪಂದ್ಯಗಳಲ್ಲಿಯೂ, ತಂತಿಯಿಂದ ನಡೆಯುವ ಕವಾಟಕ್ಕೆ ಎರಡು ಸ್ಪ್ರಿಂಗುಗಳು ಕಡ್ಡಾಯ.

ಸ್ಪ್ರಿಂಗನ್ನು ಸಿಕ್ಕಿಸುವುದರಲ್ಲಿಯೂ ಒಂದು ಅಪಾಯ ಅಡಗಿದೆ. ಸನ್ನೆಯ ತುದಿಗೆ ಕಟ್ಟಿದ ಸ್ಪ್ರಿಂಗು, ಸನ್ನೆ 80 ಡಿಗ್ರಿ ತಿರುಗುವಾಗ ತಾನೂ ದಿಕ್ಕು ಬದಲಾಯಿಸುತ್ತದೆ. ಅದರ ಎಳೆತದ ರೇಖೆ ದಂಡದ ಕೇಂದ್ರವನ್ನು ದಾಟಿ ಆಚೆಗೆ ಬಿದ್ದಿತೋ, ಅಲ್ಲಿಯವರೆಗೆ ಮುಚ್ಚಲು ಎಳೆಯುತ್ತಿದ್ದ ಸ್ಪ್ರಿಂಗು ಆ ಕ್ಷಣದಿಂದ ತೆರೆದು ಹಿಡಿಯಲು ಎಳೆಯತೊಡಗುತ್ತದೆ! ಕವಾಟ ಅರ್ಧ ತೆರೆದಾಗಲೆಲ್ಲ ಸರಿಯಾಗಿದ್ದು, ಪೂರ್ಣ ತೆರೆದಾಗ ಮಾತ್ರ ಕಚ್ಚಿಕೊಳ್ಳುವ ಈ ದೋಷವು ಮನೆಯ ಮುಂದೆ ನಿಲ್ಲಿಸಿ ನೋಡಿದಾಗ ಸುಲಭವಾಗಿ ಕಾಣದು. ಕಾಗದದ ಮೇಲೆ ಎರಡು ಸ್ಥಿತಿಗಳನ್ನೂ ಚಿತ್ರಿಸಿ ರೇಖೆಯನ್ನೆಳೆದು ನೋಡುವುದೇ ಕ್ಷೇಮ. ಸನ್ನೆಯ ಬದಲು ದಂಡಕ್ಕೆ ಸುತ್ತಿಕೊಳ್ಳುವ ಸುರುಳಿ ಸ್ಪ್ರಿಂಗಿದ್ದರೆ ಈ ಭಯವಿಲ್ಲ.

ಮತ್ತೊಂದು ತೊಡಕು ಎಂಜಿನ್ನಿನ ಅಲುಗಾಟದಿಂದ ಬರುವುದು. ಎಂಜಿನ್ ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುತ್ತದೆ. ಬಲ ಹೆಚ್ಚಿದಾಗ ಪ್ರತಿಕ್ರಿಯೆಯಿಂದ ಒಂದು ಮಗ್ಗುಲಿಗೆ ವಾಲುತ್ತದೆ. ಕವಚದ ತುದಿಯನ್ನು ಚೌಕಟ್ಟಿಗೆ ಬಿಗಿದಿದ್ದರೆ, ಎಂಜಿನ್ ವಾಲಿದಷ್ಟೂ ತಂತಿ ತಾನಾಗಿ ಎಳೆಯಲ್ಪಡುತ್ತದೆ ಅಥವಾ ಸಡಿಲವಾಗುತ್ತದೆ. ಕಾಲು ಕದಲದಿದ್ದರೂ ಕವಾಟ ಕದಲುತ್ತದೆ. ವಾಲಿದಾಗ ಕವಾಟ ತೆರೆಯುವಂತಿದ್ದರೆ ಬಲ ಹೆಚ್ಚಿ, ಎಂಜಿನ್ ಇನ್ನೂ ವಾಲಿ, ಕವಾಟ ಮತ್ತಷ್ಟು ತೆರೆಯುತ್ತದೆ. ಮುಚ್ಚುವಂತಿದ್ದರೆ ಕಾರು ಒಮ್ಮೆ ನುಗ್ಗಿ ಒಮ್ಮೆ ಹಿಂಜರಿಯುತ್ತ ಓಲಾಡುತ್ತದೆ. ಪರಿಹಾರ ಸುಲಭ: ಕವಚದ ಆ ತುದಿಯನ್ನು ಎಂಜಿನ್ನಿಗೇ, ಕಾರ್ಬ್ಯುರೇಟರಿನ ಪಕ್ಕದಲ್ಲಿಯೇ ಬಿಗಿಯಬೇಕು. ಆಗ ತುದಿಯೂ ಕವಾಟವೂ ಒಟ್ಟಿಗೆ ಅಲುಗುವುದರಿಂದ ಅವುಗಳ ನಡುವಣ ಅಂತರ ಬದಲಾಗದು. ಸಲಾಕೆಗಳಿಗಿಂತ ಬೌಡನ್ ತಂತಿ ಮೇಲೆನಿಸುವುದು ಇಲ್ಲಿಯೇ.

ಇನ್ನೊಂದು ವಿಚಿತ್ರವನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಮೆಚ್ಚಿಯಾರು. ರಬ್ಬರಿನ ಮೇಲೆ ಕುಳಿತ ಎಂಜಿನ್ ವಿದ್ಯುತ್ತಿನ ದೃಷ್ಟಿಯಿಂದ ಚೌಕಟ್ಟಿನಿಂದ ಬೇರ್ಪಟ್ಟಿರುತ್ತದೆ. ಆದುದರಿಂದ ಎರಡನ್ನೂ ದಪ್ಪನೆಯ ತಾಮ್ರದ ಪಟ್ಟಿಯಿಂದ ಸೇರಿಸಬೇಕು. ಜೋಡಿಸುವವನು ಇದನ್ನು ಮರೆತರೂ ಕೆಲವು ವೇಳೆ ಸ್ಟಾರ್ಟರ್ ಮೋಟಾರು ತಿರುಗುವುದುಂಟು. ಪ್ರವಾಹ ಬ್ಯಾಟರಿಗೆ ಮರಳುವುದು ಯಾವ ದಾರಿಯಿಂದ? ಎಂಜಿನ್ನನ್ನೂ ಚೌಕಟ್ಟನ್ನೂ ಮುಟ್ಟಿರುವ ಲೋಹ ಥ್ರಾಟಲ್ ತಂತಿಯೇ! ಒಂದು ಮೀಟರ್ ಉದ್ದದ ಅಂಥ ತಂತಿಯ ತೂಕ ಸುಮಾರು 10 ಗ್ರಾಮ್, ವಿದ್ಯುನ್ನಿರೋಧ ಸುಮಾರು 0.1 ಓಮ್. ಅದರಲ್ಲಿ 50 ಆಂಪಿಯರ್ ಹರಿದರೆ ಪ್ರತಿ ಸೆಕೆಂಡಿಗೆ 250 ಜೂಲ್ ಶಾಖ ಹುಟ್ಟುತ್ತದೆ. ತಂತಿಯ ಉಷ್ಣತೆ ಸೆಕೆಂಡಿಗೆ ಐವತ್ತು ಡಿಗ್ರಿಗೂ ಮಿಗಿಲಾಗಿ ಏರುತ್ತದೆ. ನಾಲ್ಕು ಸೆಕೆಂಡಿನೊಳಗೆ ನೈಲಾನ್ ಕರಗುವ 220 ಡಿಗ್ರಿ ಸೆಲ್ಸಿಯಸ್ ಬಂದುಬಿಡುತ್ತದೆ. ಕರಗಿದ ಪದರ ಆರಿದಾಗ ತಂತಿಯನ್ನು ಕವಚಕ್ಕೆ ಬೆಸೆದಂತೆ ಹಿಡಿದುಕೊಳ್ಳುತ್ತದೆ. ಹೊಸ ತಂತಿ ಕಾರಣವಿಲ್ಲದೆ ಬಿಗಿದುಕೊಂಡಿತೆಂದು ಇನ್ನೊಂದನ್ನು ಹಾಕಿದರೆ ಅದಕ್ಕೂ ಅದೇ ಗತಿ.

ಜೋಡಿಸುವ ಕ್ರಮವನ್ನು ಬೇಗನೆ ಹೇಳಿ ಮುಗಿಸಬಹುದು. ಕವಚವನ್ನು ಬಿಸಿಯಾದ ಹೊಗೆಕೊಳವೆಯಿಂದ ದೂರದಲ್ಲಿ, ಆದಷ್ಟು ನೇರವಾಗಿ ಒಯ್ಯಬೇಕು. ಕತ್ತರಿಸಿದ ತುದಿಯನ್ನು ಅರದಿಂದ ಉಜ್ಜಿ ಸಮತಟ್ಟು ಮಾಡಿ ಲೋಹದ ಟೊಪ್ಪಿಗೆ ಹಾಕಬೇಕು. ಅಲ್ಲಿ ಉಳಿದ ಒಂದು ಮೊನೆಯೇ ತಂತಿಯನ್ನು ಗರಗಸದಂತೆ ಕೊರೆದೀತು. ತಂತಿಯ ತುದಿಗೆ ಹಿತ್ತಾಳೆಯ ಗುಬುಟು ಬೆಸೆಯುವುದಾದರೆ, ಎಳೆಗಳನ್ನು ಹೂವಿನಂತೆ ಬಿಡಿಸಿ ಗುಬುಟಿನ ಕುಳಿಯೊಳಗೆ ಕೂರಿಸಿ ಬೆಸುಗೆ ತುಂಬಬೇಕು. ಬರಿಯ ಬೆಸುಗೆಯ ಅಂಟಿಗಿಂತ ಆ ಹರಡಿದ ಎಳೆಗಳೇ ಭಾರವನ್ನು ತಡೆಯುತ್ತವೆ. ಗುಬುಟು ಸನ್ನೆಯ ತೂತಿನಲ್ಲಿ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಪೆಡಲನ್ನು ಒತ್ತಿದಾಗಲೆಲ್ಲ ತಂತಿ ಅದೇ ಜಾಗದಲ್ಲಿ ಬಗ್ಗಿ, ಎಳೆಗಳು ಒಂದೊಂದಾಗಿ ಕಡಿಯುತ್ತವೆ; ಕಡಿದ ಎಳೆ ಮುಳ್ಳಿನಂತೆ ಎದ್ದು ಕವಚದ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಯ್ಲರನ ಘರ್ಷಣೆ ಎಳೆತವನ್ನು ಕುಗ್ಗಿಸಬಲ್ಲುದು, ಪೂರ್ತಿ ನಿಲ್ಲಿಸಲಾರದು. ಈ ಮುಳ್ಳು ನಿಲ್ಲಿಸಬಲ್ಲುದು.

ಕಾಲು ತೆಗೆದಾಗ ತಂತಿ ಒಂದೆರಡು ಮಿಲಿಮೀಟರ್ ಸಡಿಲವಾಗಿರಬೇಕು. ಹಾಗಿದ್ದರೆ ಮಾತ್ರ ಕವಾಟವು ತನ್ನ ತಿರುಪಿನ ಮೇಲೆ ಕುಳಿತು ಎಂಜಿನ್ ನಿಧಾನಗತಿಗೆ ಇಳಿಯುತ್ತದೆ. ಇನ್ನೊಂದು ಕಡೆ, ಕವಾಟ ಪೂರ್ತಿ ತೆರೆಯುವ ಹೊತ್ತಿಗೆ ಸರಿಯಾಗಿ ಪೆಡಲು ನೆಲದ ಮೇಲಿನ ಗಟ್ಟಿಯಾದ ತಡೆಯನ್ನು ಮುಟ್ಟಬೇಕು. ತಡೆಯಿಲ್ಲದಿದ್ದರೆ, ಆತುರದಲ್ಲಿ 300 ನ್ಯೂಟನ್ ಬಲದಿಂದ ಒತ್ತಿದ ಕಾಲು ನಮ್ಮ ಸನ್ನೆಯ ಲೆಕ್ಕದಂತೆ ತಂತಿಯನ್ನು 625 ನ್ಯೂಟನ್ನಿನಿಂದ ಎಳೆದು, ಗುಬುಟನ್ನು ಕಿತ್ತೀತು ಅಥವಾ ದಂಡವನ್ನೇ ತಿರುಚೀತು. ಎಂಜಿನ್ ನಿಂತಿರುವಾಗ ಒಬ್ಬರು ಪೆಡಲನ್ನು ಒತ್ತುತ್ತ, ಇನ್ನೊಬ್ಬರು ಗಾಳಿಯ ಶೋಧಕವನ್ನು ತೆಗೆದು ಒಳಗೆ ಇಣಿಕಿ ತಟ್ಟೆ ಕೊಳವೆಯ ಉದ್ದಕ್ಕೆ ಸರಿಯಾಗಿ ನಿಂತಿತೇ ಎಂದು ನೋಡುವುದು ವಾಡಿಕೆ. ಬಳಿಕ ಒಂದು ಸ್ಪ್ರಿಂಗನ್ನು ಕಳಚಿ, ಇನ್ನೊಂದೇ ಕವಾಟವನ್ನು ಟಪ್ಪನೆ ಮುಚ್ಚುವುದೇ ಎಂದು ಪರೀಕ್ಷಿಸಬೇಕು. ಅನಂತರ ಅದನ್ನು ಸಿಕ್ಕಿಸಿ ಮತ್ತೊಂದನ್ನು ಕಳಚಿ ನೋಡಬೇಕು. ರಸ್ತೆಯಲ್ಲಿ ಕವಾಟ ಕಚ್ಚಿಕೊಂಡರೆ ಮೊದಲು ಕ್ಲಚ್ಚನ್ನು ಒತ್ತಿ ಚಕ್ರಗಳನ್ನು ಎಂಜಿನ್ನಿನಿಂದ ಬಿಡಿಸಿ, ಅನಂತರ ಇಗ್ನಿಷನ್ನನ್ನು ಆರಿಸಬೇಕು. ಕೀಲಿಯನ್ನು ಮಾತ್ರ ಹೊರಗೆ ತೆಗೆಯಬಾರದು, ಚುಕ್ಕಾಣಿಗೆ ಬೀಗ ಬಿದ್ದೀತು.

ಈಚಿನ ಕಾರುಗಳಲ್ಲಿ ಈ ತಂತಿಯೇ ಇಲ್ಲ. ಪೆಡಲಿನಲ್ಲಿ ಕೋನವನ್ನು ಅಳೆಯುವ ಸಂವೇದಕಗಳಿರುತ್ತವೆ. ಗಣಕವು ಅವುಗಳ ಸಂಕೇತವನ್ನು ಓದಿ, ಒಂದು ಚಿಕ್ಕ ವಿದ್ಯುತ್ ಮೋಟಾರಿನಿಂದ ಕವಾಟವನ್ನು ತಿರುಗಿಸುತ್ತದೆ. ಇಂಥ ಪೆಡಲಿಗೆ ತಂತಿಯ ಘರ್ಷಣೆ ಇಲ್ಲವಾದುದರಿಂದ ಅದು ಕಾಲಿಗೆ ತೀರ ಹಗುರವಾಗಿ, ಒಂದೆಡೆ ಹಿಡಿದು ನಿಲ್ಲಿಸಲು ಕಷ್ಟವಾಗುತ್ತದೆ. ಅದಕ್ಕಾಗಿ ತಯಾರಕರು ಪೆಡಲಿನೊಳಗೆ ಒಂದು ಘರ್ಷಣಾಸಾಧನವನ್ನು ಬೇಕೆಂದೇ ಇಡುತ್ತಾರೆ. 2010ರ ಜನವರಿಯಲ್ಲಿ ಟೊಯೋಟಾ ಸಂಸ್ಥೆಯು ಅಮೆರಿಕದಲ್ಲಿ ಸುಮಾರು 23 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅಲ್ಲಿ ಸವೆದು, ತೇವ ಕೂಡಿ, ಪೆಡಲು ಮೇಲೇಳದಂತೆ ಅಂಟಿಕೊಳ್ಳುವ ಸಂಭವವಿದ್ದುದು ತಂತಿಯ ನೆನಪಿಗಾಗಿ ಇಟ್ಟಿದ್ದ ಆ ಘರ್ಷಣಾಸಾಧನವೇ.